ಕತ್ತಲೆಯ ಸರದಿ

ಕರೆಂಟು ಹೋದಾಗ ಮನೆಯವರೆಲ್ಲ ಬಲ್ಬಿನ ಕಡೆ ನೋಡಿದರೆ ನಾನು ಕೈಗಡಿಯಾರ ನೋಡಿಕೊಳ್ಳುತ್ತೇನೆ. ಎಷ್ಟು ಹೊತ್ತಿಗೆ ಹೋಯಿತು ಎಂದು ತಿಳಿದರೆ ಯಾಕೆ ಹೋಯಿತು ಎಂಬುದು ಅರ್ಧ ತಿಳಿದ ಹಾಗೆ. ಏಳು ಗಂಟೆ ಹದಿಮೂರು ನಿಮಿಷಕ್ಕೆ ಹೋದರೆ ಅದು ಮರದ ಕೊಂಬೆಯ ಕೆಲಸವೋ ಅಳಿಲಿನ ಕೆಲಸವೋ ಇರಬೇಕು. ಸರಿಯಾಗಿ ಏಳಕ್ಕೆ ಹೋದರೆ ಅದು ಮನುಷ್ಯನ ಕೆಲಸ. ನಿವೃತ್ತನಾಗಿ ಎಷ್ಟೋ ವರ್ಷಗಳಾದವು, ಈ ಚಾಳಿ ಬಿಟ್ಟಿಲ್ಲ. "ನಿಮ್ಮವರೇ ತೆಗೆದದ್ದಾ?" ಎಂದು ಕತ್ತಲೆಯಲ್ಲಿ ಕೇಳುವ ಚಾಳಿಯನ್ನು ನನ್ನ ಹೆಂಡತಿಯೂ ಬಿಟ್ಟಿಲ್ಲ.

ತೆಗೆಯುವವರಲ್ಲಿ ನಾನೂ ಒಬ್ಬನಾಗಿದ್ದೆ. ಲೋಡ್ ಡಿಸ್ಪ್ಯಾಚ್ ಸೆಂಟರ್ ಎಂಬ ಜಾಗದಲ್ಲಿ ನನ್ನ ನೌಕರಿಯ ಬಹುಪಾಲು ಕಳೆಯಿತು. ಇದನ್ನು ಭಾರ ರವಾನೆ ಕೇಂದ್ರ ಎಂದು ಕನ್ನಡಕ್ಕೆ ಅನುವಾದಿಸಿದವರುಂಟು; ಹಾಗೆ ಹೇಳಿದಾಗ ಲಾರಿ ಆಫೀಸೇ ಎಂದು ಕೇಳಿದವರೂ ಉಂಟು. ಯಾವ ಊರಿನ ಯಾವ ಕೇಂದ್ರ ಎಂಬುದು ಇಲ್ಲಿ ಬೇಡ. ಜನ ತಿಳಿದಿರುವಂತೆ ಅಲ್ಲಿ ದೊಡ್ಡ ದೊಡ್ಡ ಸ್ವಿಚ್ಚುಗಳಿರಲಿಲ್ಲ. ಗೋಡೆಯ ತುಂಬ ತಂತಿಮಾರ್ಗಗಳ ನಕ್ಷೆ, ಅದರಲ್ಲಿ ಕೆಂಪು ಹಸಿರು ದೀಪಗಳು, ಮೇಜಿನ ಮೇಲೆ ನಾಲ್ಕಾರು ಟೆಲಿಫೋನುಗಳು, ಗಂಟೆಗೊಮ್ಮೆ ತುಂಬಬೇಕಾದ ಲಾಗ್ ಹಾಳೆ, ಎದುರಿಗೆ ಒಂದು ಮೀಟರು. ಆ ಮೀಟರು ತೋರಿಸುವುದು ಒಂದೇ ಸಂಖ್ಯೆ. ಅದು 50 ಇರಬೇಕು.

ಈ 50ರ ವಿಷಯ ಒಂದಿಷ್ಟು ಹೇಳದೆ ಮುಂದೆ ಹೋಗಲಾಗದು. ಕರೆಂಟನ್ನು ತಂತಿಯಲ್ಲಿ ತುಂಬಿಡಲು ಬರುವುದಿಲ್ಲ. ಈ ಕ್ಷಣ ನಾಡಿನ ಜನ ಉರಿಸುತ್ತಿರುವಷ್ಟನ್ನು ಈ ಕ್ಷಣವೇ ಎಲ್ಲೋ ಯಂತ್ರಗಳು ಹುಟ್ಟಿಸುತ್ತಿರಬೇಕು. ಉರಿಸುವುದು ಹೆಚ್ಚಾದರೆ, ಏರಿನಲ್ಲಿ ಎತ್ತುಗಳ ಹೆಜ್ಜೆ ನಿಧಾನವಾಗುವಂತೆ, ಎಲ್ಲ ಜನರೇಟರುಗಳ ತಿರುಗಾಟವೂ ಒಟ್ಟಿಗೆ ನಿಧಾನವಾಗುತ್ತದೆ. ಹುಟ್ಟಿಸುವುದು ಹೆಚ್ಚಾದರೆ ಒಟ್ಟಿಗೆ ಚುರುಕಾಗುತ್ತದೆ. ಸೆಕೆಂಡಿಗೆ 50 ಆವರ್ತ ಎಂಬುದು ಆ ಹೆಜ್ಜೆಯ ಲೆಕ್ಕ. ನಾವು ಫ್ರೀಕ್ವೆನ್ಸಿ ಎನ್ನುತ್ತಿದ್ದೆವು. ಇದರ ವಿಶೇಷವೆಂದರೆ ಜಾಲದ ಒಳಗಿರುವ ಎಲ್ಲರಿಗೂ ಫ್ರೀಕ್ವೆನ್ಸಿ ಒಂದೇ. ಮಂತ್ರಿಯ ಮನೆಗೆ ಬೇರೆ, ಹಮಾಲಿಯ ಮನೆಗೆ ಬೇರೆ ಎಂದಿಲ್ಲ. ಹಣದುಬ್ಬರಕ್ಕೂ ಇಷ್ಟು ಸಮತೆ ಇಲ್ಲ. ಈಗ ಅದನ್ನು 49.90ರಿಂದ 50.05ರ ನಡುವೆ ಇಡಬೇಕೆಂಬ ನಿಯಮವಿದೆ, ಬಹುಮಟ್ಟಿಗೆ ಇಡುತ್ತಾರೆ ಕೂಡ. ನನ್ನ ಕಾಲದಲ್ಲಿ ದಕ್ಷಿಣದ ಜಾಲದಲ್ಲಿ ಸಂಜೆ ಹೊತ್ತು 48ರ ಆಸುಪಾಸಿಗೆ ಇಳಿಯುವುದು ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಮೀಟರು ನೋಡದೆ ಫ್ಯಾನಿನ ಸದ್ದಿನಿಂದಲೇ ಫ್ರೀಕ್ವೆನ್ಸಿ ಹೇಳುವವರು ನಮ್ಮಲ್ಲಿದ್ದರು. ಇನ್ನೂ ಇಳಿದು 47.5ರ ಕೆಳಗೆ ಹೋದರೆ ಉಗಿ ಟರ್ಬೈನುಗಳ ಅಲಗುಗಳಿಗೇ ಅಪಾಯ. ಆಗ ಕೇಂದ್ರಗಳು ತಮ್ಮನ್ನು ತಾವು ಉಳಿಸಿಕೊಳ್ಳಲು ಜಾಲದಿಂದ ಕಳಚಿಕೊಳ್ಳುತ್ತವೆ. ಒಂದು ಕಳಚಿಕೊಂಡರೆ ಉಳಿದವುಗಳ ಮೇಲೆ ಭಾರ; ಅವೂ ಕಳಚಿಕೊಳ್ಳುತ್ತವೆ. ಹಾಗೆ ಬಿದ್ದ ಜಾಲವನ್ನು ಮತ್ತೆ ಎಬ್ಬಿಸಲು ಗಂಟೆಗಟ್ಟಲೆ ಬೇಕು, ಏಕೆಂದರೆ ಕಲ್ಲಿದ್ದಲಿನ ಕೇಂದ್ರವನ್ನು ಹೊತ್ತಿಸುವುದಕ್ಕೂ ಮೊದಲು ಕರೆಂಟು ಬೇಕು.

ಆದ್ದರಿಂದ ಕೊರತೆಯ ಹೊತ್ತಿನಲ್ಲಿ ಎಲ್ಲರೂ ಕತ್ತಲೆಯಲ್ಲಿ ಬೀಳಬಾರದೆಂದರೆ ಕೆಲವರನ್ನು ನಾವೇ ಕತ್ತಲೆಗೆ ತಳ್ಳಬೇಕು. ಇದನ್ನು ಲೋಡ್ ಶೆಡ್ಡಿಂಗ್ ಎನ್ನುತ್ತಾರೆ. ಈ ಮಾತಿನಲ್ಲಿ 'ಲೋಡ್' ಎಂದರೆ ಭಾರ. ಊಟಕ್ಕೆ ಕುಳಿತವರು, ಓದುತ್ತಿದ್ದವರು, ಹೆರಿಗೆ ಮಾಡಿಸುತ್ತಿದ್ದವರು, ಎಲ್ಲರೂ ಸೇರಿ 'ಭಾರ'. ಕಡಿಮೆಯಾಗಬೇಕಾದದ್ದು ಅದು. ಒಳ್ಳೆಯ ಮಾತು ಸಿಕ್ಕಿದರೆ ಕೆಲಸ ಹಗುರಾಗುತ್ತದೆ ಎಂಬುದನ್ನು ನಾನು ಅಲ್ಲಿ ಕಲಿತೆ.

ಯಾರನ್ನು ತಳ್ಳಬೇಕು, ತಳ್ಳುವ ಹಕ್ಕು ನನಗೆ ಎಲ್ಲಿಂದ ಬಂತು? ನೌಕರಿಯಲ್ಲಿದ್ದಾಗ ಈ ಪ್ರಶ್ನೆಗೆ ಬಿಡುವಿರಲಿಲ್ಲ. ಈಗ ಬಿಡುವೇ ಬಿಡುವು.

ಅನಿಲದ ಪೈಪುಗಳನ್ನು ನೋಡಿಕೊಳ್ಳುತ್ತಿದ್ದ ಸ್ನೇಹಿತರೊಬ್ಬರು ನನಗಿದ್ದಾರೆ. ಹಜೀರಾದಿಂದ ವಿಜಯಪುರದ ಮೂಲಕ ಜಗದೀಶಪುರಕ್ಕೆ 1980ರ ದಶಕದಲ್ಲಿ ಹಾಕಿದ ದೊಡ್ಡ ಕೊಳವೆಯಲ್ಲಿ ಅವರು ಬೆಳೆದವರು. (ಈ ವಿಜಯಪುರ ಮಧ್ಯಪ್ರದೇಶದ್ದು, ನಮ್ಮದಲ್ಲ.) ನಮ್ಮ ಕೆಲಸವನ್ನು ಅವರು ಸರ್ಕಸ್ಸು ಎನ್ನುತ್ತಿದ್ದರು. ಅವರ ಕೊಳವೆಯಲ್ಲಿ ಅನಿಲ ಒಳ್ಳೆಯ ಸೈಕಲ್ ಸವಾರನ ವೇಗದಲ್ಲಿ ಹೋಗುತ್ತದೆ. ಒತ್ತಿ ತುಂಬಿದ ಕೊಳವೆಯೇ ಒಂದು ಕಣಜ. ಒಂದು ಕಡೆ ಬರುವುದು ನಿಂತರೂ ಇನ್ನೊಂದು ಕಡೆ ಕೆಲವು ಗಂಟೆ ಕೊಡುತ್ತಿರಬಹುದು. ಅಷ್ಟರಲ್ಲಿ ಕಾಫಿ ಕುಡಿದು, ಯೋಚಿಸಿ, ನಾಲ್ಕು ಜನರನ್ನು ಕೇಳಿ ತೀರ್ಮಾನ ಮಾಡಬಹುದು. ನಮಗೆ ಸಿಗುವುದು ಸೆಕೆಂಡುಗಳು, ಹೆಚ್ಚೆಂದರೆ ನಿಮಿಷಗಳು. ಆದರೆ ಕಡೆಗೆ ಅವರ ಬಳಿಯೂ ಒಂದು ಪಟ್ಟಿ ಇರುತ್ತದೆ. ಅನಿಲ ಸಾಲದೆ ಬಂದರೆ ಅಡುಗೆಮನೆಯ ಒಲೆ ಕೊನೆಗೆ, ಗೊಬ್ಬರದ ಕಾರ್ಖಾನೆ ಅದಕ್ಕೆ ಮುಂಚೆ, ವಿದ್ಯುತ್ ಕೇಂದ್ರ ಅದಕ್ಕಿಂತಲೂ ಮುಂಚೆ. ಕೃಷ್ಣಾ ಗೋದಾವರಿ ಕೊಳ್ಳದ ಅನಿಲ 2011ರ ನಂತರ ಇಳಿಯುತ್ತ ಹೋದಾಗ ಆಂಧ್ರದಲ್ಲಿ ಅದನ್ನೇ ನಂಬಿ ಕಟ್ಟಿದ ಸಾವಿರಾರು ಮೆಗಾವ್ಯಾಟ್ ಕೇಂದ್ರಗಳು ಸುಮ್ಮನೆ ಕುಳಿತವು. ಅವರು ನಮ್ಮನ್ನು ತೆಗೆಯುತ್ತಾರೆ, ನಾವು ಹಳ್ಳಿಯನ್ನು ತೆಗೆಯುತ್ತೇವೆ. ದಾಭೋಳದಿಂದ ಹೊರಟ ಕೊಳವೆ 2013ರಲ್ಲಿ ಬೆಂಗಳೂರನ್ನು ಮುಟ್ಟಿತು. ಯಲಹಂಕದಲ್ಲಿ ಹಿಂದೆ ಡೀಸೆಲ್ ಉರಿಸುತ್ತಿದ್ದ ಜಾಗದಲ್ಲಿ ಈಗ 370 ಮೆಗಾವ್ಯಾಟಿನ ಅನಿಲ ಕೇಂದ್ರವಿದೆ. ಅಂದರೆ ಆ ಸ್ನೇಹಿತರ ಪಟ್ಟಿಗೂ ನಮ್ಮ ಪಟ್ಟಿಗೂ ನಮ್ಮೂರಲ್ಲೇ ಗಂಟು ಬಿದ್ದಿದೆ. ಬ್ರಿಟನ್ನಿನಲ್ಲಿ 2002ರಿಂದ ಸುಮಾರು ಇಪ್ಪತ್ತು ವರ್ಷ ದೊಡ್ಡ ತಂತಿಗಳೂ ದೊಡ್ಡ ಕೊಳವೆಗಳೂ ಒಂದೇ ಕಂಪನಿಯ ಕೈಯಲ್ಲಿದ್ದವು. ಎರಡೂ ಪಟ್ಟಿ ಒಂದೇ ಮನೆಯಲ್ಲಿದ್ದರೆ ಒಳ್ಳೆಯದೋ ಕೆಟ್ಟದ್ದೋ, ಆ ಚರ್ಚೆ ನಾವಿಬ್ಬರೂ ಸಿಕ್ಕಾಗಲೆಲ್ಲ ನಡೆಯುತ್ತದೆ.

ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಒಗಟಿದೆ. ಫಿಲಿಪ್ಪಾ ಫುಟ್ ಎಂಬಾಕೆ 1967ರಲ್ಲಿ ಎತ್ತಿದ್ದು. ಹತೋಟಿ ತಪ್ಪಿದ ಟ್ರಾಮು ಹಳಿಯ ಮೇಲಿರುವ ಐವರ ಕಡೆ ಧಾವಿಸುತ್ತಿದೆ. ಚಾಲಕ ಅದನ್ನು ಇನ್ನೊಂದು ಹಳಿಗೆ ತಿರುಗಿಸಬಹುದು. ಆದರೆ ಅಲ್ಲಿ ಒಬ್ಬನಿದ್ದಾನೆ. ತಿರುಗಿಸಬೇಕೇ? ಕಾಲೇಜಿನಲ್ಲಿ ಪಾಠ ಹೇಳುವ ನನ್ನ ತಮ್ಮ ನನ್ನ ಕೆಲಸವನ್ನು ಇದಕ್ಕೆ ಹೋಲಿಸಿ, "ನಿನ್ನದು ದಿನಾ ಸಂಜೆ ಬರುವ ಟ್ರಾಮು" ಎಂದಿದ್ದ. ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಟ್ರಾಮಿನವನಿಗೆ ಐವರೂ ಕಾಣುತ್ತಾರೆ, ಒಬ್ಬನೂ ಕಾಣುತ್ತಾನೆ. ಅವನದು ಒಂದು ದಿನದ ಪ್ರಶ್ನೆ. ದಿನಾ ಬರುವುದಾದರೆ ಯಾವನೋ ಬುದ್ಧಿವಂತ, ಇವತ್ತು ಈ ಹಳಿ ನಾಳೆ ಆ ಹಳಿ ಎಂದು ಒಂದು ವೇಳಾಪಟ್ಟಿ ಮಾಡಿರುತ್ತಿದ್ದ.

ನನ್ನ ಕೆಲಸಕ್ಕೆ ಹತ್ತಿರದ ಕಥೆ ಮಹಾಭಾರತದಲ್ಲಿದೆ, ಏಕಚಕ್ರನಗರಿಯದು. ಬಕಾಸುರ ಕಂಡಕಂಡವರನ್ನು ತಿನ್ನುತ್ತಿದ್ದಾಗ ಊರವರು ಒಂದು ಏರ್ಪಾಟಿಗೆ ಬರುತ್ತಾರೆ. ಮನೆಗೊಂದು ಸರದಿ. ಸರದಿ ಬಂದ ಮನೆಯವರು ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯನನ್ನು ಕಳುಹಿಸಬೇಕು. ಚಿಕ್ಕಂದಿನಲ್ಲಿ ಇದು ಭೀಮನ ಕಥೆ. ಬಂಡಿಯ ಅನ್ನವನ್ನು ಅವನೇ ತಿಂದುಬಿಡುವ ಭಾಗಕ್ಕೆ ನಗುತ್ತಿದ್ದೆವು. ಕಂಟ್ರೋಲ್ ರೂಮಿನಲ್ಲಿ ಕುಳಿತ ಮೇಲೆ ಇದು ಸರದಿಯ ಕಥೆಯಾಗಿ ಕಾಣತೊಡಗಿತು. ಆ ಊರವರನ್ನು ಹೇಡಿಗಳೆಂದು ಹೇಳುವುದು ಸುಲಭ. ಆದರೆ ಸರದಿ ಮಾಡಿದರಲ್ಲ, ಅದರಲ್ಲಿ ಒಂದು ಧರ್ಮವಿದೆ. ಇವತ್ತು ನಿನ್ನದು, ಎಂದೋ ಒಂದು ದಿನ ನನ್ನದು. ನನಗೂ ಬರುತ್ತದೆ ಎಂದು ಖಚಿತವಿದ್ದಾಗ ಮಾತ್ರ ನಿನಗೆ ಬಂದದ್ದನ್ನು ನಾನು ನೋಡುತ್ತ ಕೂರಬಹುದು. ತೆಗೆಯುವ ಹಕ್ಕು ನನಗೆ ಬಂದಿದ್ದರೆ ಅದು ಇಂಜಿನಿಯರಿಂಗ್ ಡಿಗ್ರಿಯಿಂದ ಬಂದದ್ದಲ್ಲ, ಸರದಿಯಿಂದ ಬಂದದ್ದು.

ಆ ಕಥೆಯಲ್ಲೇ ಇನ್ನೊಂದು ಮಾತಿದೆ. ಸರದಿ ಬಂದ ಬ್ರಾಹ್ಮಣ ತನ್ನ ಬದಲಿಗೆ ಒಬ್ಬ ಮನುಷ್ಯನನ್ನು ಕೊಂಡು ಕಳುಹಿಸಲು ತನ್ನಲ್ಲಿ ಹಣವಿಲ್ಲವಲ್ಲ ಎಂದು ಅಳುತ್ತಾನೆ. ಎಂದರೆ ಹಣವಿದ್ದವರಿಗೆ ಆ ದಾರಿ ಇತ್ತು.

ನಮ್ಮಲ್ಲೂ ಇತ್ತು. ಊರುಗಳನ್ನು ಗುಂಪು ಮಾಡಿ, ಗುಂಪಿಗೆ ಒಂದು ಗಂಟೆಯಂತೆ ಬರೆದ ರಟ್ಟಿನ ಹಾಳೆಯೊಂದು ಗಾಜಿನ ಕೆಳಗೆ ಇರುತ್ತಿತ್ತು. ಅದರ ಜೊತೆಗೆ ಇನ್ನೊಂದು ಹಾಳೆ, ತೆಗೆಯಬಾರದ ಫೀಡರುಗಳದು. ಮೊದಲು ಅದರಲ್ಲಿ ಇದ್ದವು ಜಿಲ್ಲಾಸ್ಪತ್ರೆ, ಕುಡಿಯುವ ನೀರಿನ ಪಂಪು, ರೈಲ್ವೆ. ಯಾರು ಬೇಡವೆನ್ನುತ್ತಾರೆ? ಆಮೇಲೆ ಆಕಾಶವಾಣಿ, ಹಾಲಿನ ಡೇರಿ, ಒಂದು ಕಾರ್ಖಾನೆ, ಒಬ್ಬರು ದೊಡ್ಡವರ ಊರು, ಜಾತ್ರೆಯ ಹದಿನೈದು ದಿನಕ್ಕೆಂದು ಸೇರಿ ಮತ್ತೆ ತೆಗೆಯದೇ ಉಳಿದ ಇನ್ನೊಂದು ಊರು. ಪ್ರತಿಯೊಂದಕ್ಕೂ ಒಂದು ಸಕಾರಣವಿತ್ತು. ಎರಡನೆಯ ಹಾಳೆ ಬೆಳೆದ ಹಾಗೆಲ್ಲ ಮೊದಲನೆಯದು ಕುಗ್ಗುತ್ತಿತ್ತು, ಕಡಿಮೆ ಮಾಡಬೇಕಾದ ಮೆಗಾವ್ಯಾಟ್ ಮಾತ್ರ ಅಷ್ಟೇ ಇರುತ್ತಿತ್ತು. ಫೋನ್ ಮಾಡಲು ಯಾರೂ ಇಲ್ಲದ ಊರುಗಳು ಎರಡು ಗಂಟೆ, ಮೂರು ಗಂಟೆ ಕತ್ತಲೆ ಹೊತ್ತವು.

ಇದು ನಮ್ಮ ದೇಶದ ಜಾಯಮಾನ ಎಂದು ತಿಳಿದಿದ್ದೆ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್ಸಿನಲ್ಲಿ ಏನಾಯಿತೆಂದು ಓದಿದ ಮೇಲೆ ಹಾಗೆ ಹೇಳುವುದನ್ನು ಬಿಟ್ಟೆ. ಅಪರೂಪದ ಹಿಮ ಬಿದ್ದು ಅನಿಲದ ಬಾವಿಗಳೂ ವಿದ್ಯುತ್ ಕೇಂದ್ರಗಳೂ ಹೆಪ್ಪುಗಟ್ಟಿ ನಿಂತವು. 15ರ ನಸುಕಿನಲ್ಲಿ ಅವರ ಫ್ರೀಕ್ವೆನ್ಸಿ (ಅವರದು 60) 59.4ರ ಕೆಳಗೆ ಜಾರಿ ನಾಲ್ಕು ನಿಮಿಷಕ್ಕೂ ಹೆಚ್ಚು ಅಲ್ಲೇ ನಿಂತಿತು. ಒಂಬತ್ತು ನಿಮಿಷವಾಗಿದ್ದರೆ ಕೇಂದ್ರಗಳು ಸಾಲಾಗಿ ಕಳಚಿಕೊಂಡು ಇಡೀ ರಾಜ್ಯದ ಜಾಲ ಬೀಳುತ್ತಿತ್ತು. ಎದ್ದು ನಿಲ್ಲಲು ವಾರಗಳೇ ಬೇಕಾಗಬಹುದಿತ್ತು. ಕಂಟ್ರೋಲ್ ರೂಮಿನವರು ಸಾವಿರ ಸಾವಿರ ಮೆಗಾವ್ಯಾಟಿನಂತೆ ಜನರನ್ನು ತೆಗೆದು ಜಾಲವನ್ನು ಉಳಿಸಿದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಸರದಿಯ ಮೇಲೆ ಸುತ್ತಿಸಬೇಕೆಂದು ಯೋಜನೆಯಲ್ಲಿತ್ತು. ಆದರೆ ಆಸ್ಪತ್ರೆ ಮುಂತಾದವು ಇರುವ ಮಾರ್ಗಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆದರೂ ಸಾಲದೆ ಬಂದದ್ದರಿಂದ ಸುತ್ತಿಸಲು ಏನೂ ಉಳಿದಿರಲಿಲ್ಲ. ಕತ್ತಲೆಯಲ್ಲಿದ್ದವರು ಕತ್ತಲೆಯಲ್ಲೇ, ಆ ಚಳಿಯಲ್ಲಿ, ದಿನಗಟ್ಟಲೆ ಉಳಿದರು. ಊರ ನಡುವಿನ ಖಾಲಿ ಕಚೇರಿ ಕಟ್ಟಡಗಳು ಆಸ್ಪತ್ರೆಯ ಮಾರ್ಗದಲ್ಲಿದ್ದ ಪುಣ್ಯಕ್ಕೆ ಬೆಳಗುತ್ತಿದ್ದವು. ಸರ್ಕಾರದ ಲೆಕ್ಕದಂತೆ ಸತ್ತವರು 246 ಮಂದಿ. ಅನಿಲದ ಸ್ನೇಹಿತರಿಗೆ ನಾನು ತಪ್ಪದೆ ಹೇಳುವ ಭಾಗ ಇನ್ನೊಂದಿದೆ. ಅನಿಲವನ್ನು ತೆಗೆದು ತಳ್ಳುವ ಯಂತ್ರಗಳಲ್ಲಿ ಹಲವಕ್ಕೆ ಕರೆಂಟೇ ಆಧಾರ. ಅವುಗಳ ಮಾಲೀಕರು ತೆಗೆಯಬಾರದವರ ಪಟ್ಟಿಗೆ ಸೇರಲು ಅರ್ಜಿಯನ್ನೇ ತುಂಬಿರಲಿಲ್ಲ. ವಿದ್ಯುತ್ತಿನವರು ಅವುಗಳನ್ನೂ ತೆಗೆದರು; ಅನಿಲ ಮತ್ತಷ್ಟು ಕಡಿಮೆಯಾಯಿತು; ಅದರಿಂದ ವಿದ್ಯುತ್ತೂ ಮತ್ತಷ್ಟು ಕಡಿಮೆಯಾಯಿತು. ಸೇರಬೇಕಾದವರು ಸೇರದೆ, ಸೇರಬಾರದವರು ಸೇರಿರುವುದು ಪಟ್ಟಿಗಳ ಹುಟ್ಟುಗುಣವಿರಬೇಕು.

ಈಗ ನನ್ನ ಟೆಲಿಫೋನಿಗೆ ಬರುತ್ತೇನೆ. ನಮ್ಮ ಕಾಲದಲ್ಲಿ ಸಬ್‌ಸ್ಟೇಷನ್ನುಗಳ ಜೊತೆ ಮಾತಾಡಲು ಕ್ಯಾರಿಯರ್ ಫೋನ್ ಎಂಬುದಿತ್ತು. ಕರೆಂಟು ಹೋಗುವ ಭಾರಿ ತಂತಿಯ ಮೇಲೆಯೇ ಮಾತೂ ಹೋಗುತ್ತಿತ್ತು. ಮಳೆ ಬಂದರೆ ಕರಕರ ಸದ್ದು. ಆ ಸದ್ದಿನ ನಡುವೆ ಎಲ್ಲೋ ಬಯಲಿನಲ್ಲಿ ಒಂಟಿಯಾಗಿ ಕುಳಿತ ಆಪರೇಟರನ ದನಿ. "ಇಂತಿಂಥ ಲೈನು ತೆಗೀರಿ" ಎಂದು ನಾನು ಹೇಳಬೇಕು, ಅವನು ಅದನ್ನೇ ತಿರುಗಿ ಹೇಳಬೇಕು, ಇಬ್ಬರೂ ಕೋಡ್ ನಂಬರು ಕೊಟ್ಟು ಬರೆದುಕೊಳ್ಳಬೇಕು. ಅಷ್ಟೇ ಮಾತಾಡಬೇಕೆಂದು ನಿಯಮ. ಆದರೆ ಆಪರೇಟರುಗಳು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. "ಸಾರ್, ಹತ್ತು ನಿಮಿಷ ಬಿಡಿ, ಗುಡಿಯಲ್ಲಿ ಮಂಗಳಾರತಿ ನಡೀತಿದೆ." "ಸಾರ್, ನಾಳೆ ಎಸ್ಸೆಸ್ಸೆಲ್ಸಿ ಗಣಿತ." "ಸಾರ್, ನಿನ್ನೆ ತೆಗೆದಾಗ ಜನ ಬಂದು ಕಲ್ಲು ಹೊಡೆದರು, ಗೇಟಿನ ಹತ್ತಿರ ಈಗಲೂ ನಿಂತಿದ್ದಾರೆ." ಏಕಚಕ್ರದಲ್ಲಿ ಕುಂತಿಗೆ ಬ್ರಾಹ್ಮಣನ ಮನೆಯ ಅಳು ಕೇಳಿಸಿದ್ದು ಅವಳು ಅದೇ ಮನೆಯಲ್ಲಿ ಇಳಿದುಕೊಂಡಿದ್ದರಿಂದ. ನನಗೆ ಆ ಗೋಡೆಯ ಕೆಲಸ ಮಾಡುತ್ತಿದ್ದದ್ದು ಕ್ಯಾರಿಯರ್ ಫೋನು. ಹತ್ತು ನಿಮಿಷ ನಾನು ಎಷ್ಟೋ ಸಲ ಬಿಟ್ಟಿದ್ದೇನೆ. ಒಳ್ಳೆಯವನೆಂದು ಹೆಸರೂ ಇತ್ತು.

1996ರ ಏಪ್ರಿಲ್ ತಿಂಗಳ ಒಂದು ಸಂಜೆ ನನ್ನ ತಮ್ಮನ ಫೋನ್ ಬಂತು, ಕ್ಯಾರಿಯರ್ ಫೋನಿನಲ್ಲಲ್ಲ, ಸಾಧಾರಣ ಫೋನಿನಲ್ಲಿ. ತಂದೆಯವರಿಗೆ ಉಬ್ಬಸ ಹೆಚ್ಚಾಗಿ ನಮ್ಮ ತಾಲ್ಲೂಕಿನ ಊರಿನ ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ಔಷಧಿಯ ಹೊಗೆ ಕೊಡುವ ಯಂತ್ರ ಗಂಟೆಗೊಮ್ಮೆ ಬೇಕಾಗಿತ್ತು. ಅಲ್ಲಿನ ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ. ತಮ್ಮ ನನ್ನನ್ನು ಏನೂ ಕೇಳಲಿಲ್ಲ, ಅವನು ಕೇಳುವವನಲ್ಲ. "ಕರೆಂಟಿದ್ದರೆ ಪರವಾಗಿಲ್ಲ" ಎಂದಷ್ಟೇ ಹೇಳಿದ. ಏಳು ಗಂಟೆಗೆ ಫ್ರೀಕ್ವೆನ್ಸಿ 48ರ ಕೆಳಗಿತ್ತು. ಗಾಜಿನ ಕೆಳಗಿನ ಹಾಳೆಯಲ್ಲಿ ಏಳರಿಂದ ಎಂಟು ನಮ್ಮ ತಾಲ್ಲೂಕು ಇದ್ದ ಗುಂಪಿನ ಸರದಿ.

ನಾನು ಫೋನೆತ್ತಿ, ಐದರಿಂದ ಆರರವರೆಗೆ ಸರದಿ ಮುಗಿಸಿದ್ದ ಇನ್ನೊಂದು ಗುಂಪನ್ನು ತೆಗೆಯಲು ಹೇಳಿದೆ.

ಆ ಕಡೆಯ ಆಪರೇಟರು ಒಂದು ಕ್ಷಣ ಸುಮ್ಮನಿದ್ದು, "ಸಾರ್, ನಮ್ಮದು ಆಗಿದೆ. ಈಗ ತಾನೇ ಕೊಟ್ಟಿದ್ದೀರಿ" ಎಂದ. "ಫ್ರೀಕ್ವೆನ್ಸಿ ಇಲ್ಲ, ತೆಗೀರಿ" ಎಂದೆ. ಫ್ರೀಕ್ವೆನ್ಸಿ ಇಲ್ಲದ್ದು ನಿಜವಾಗಿತ್ತು. ಅವನು ಕೋಡ್ ನಂಬರು ಕೊಟ್ಟ, ನಾನೂ ಕೊಟ್ಟೆ. ಲಾಗ್ ಹಾಳೆಯಲ್ಲಿ 'ತುರ್ತು' ಎಂದು ಬರೆದೆ. ಎಂಟಕ್ಕೆ ಮತ್ತೆ ಸರದಿ ತನ್ನ ದಾರಿ ಹಿಡಿಯಿತು. ಯಾರೂ ಕೇಳಲಿಲ್ಲ. ಗಂಟೆಗಳ ಲೆಕ್ಕ ನೋಡಿದವನಿಗೆ ಗೊತ್ತಾಗಬಹುದಿತ್ತು, ಆದರೆ ಆ ಬೇಸಗೆಯಲ್ಲಿ ಲೆಕ್ಕ ನೋಡುವವರು ಯಾರು? ತಂದೆಯವರು ಐದಾರು ದಿನದಲ್ಲಿ ಮನೆಗೆ ಬಂದರು. ಆಮೇಲೆ ಎರಡೂವರೆ ವರ್ಷ ಇದ್ದರು. ಅವರಿಗೆ ನಾನು ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವರು ಏನೆನ್ನುತ್ತಿದ್ದರು ಎಂದು ನನಗೆ ಸುಮಾರಾಗಿ ಗೊತ್ತು. ಅವರು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು.

ತಮ್ಮನಿಗೆ ಹೇಳಿದ್ದು ಅವರು ತೀರಿಕೊಂಡ ಮೇಲೆ. ಯಾರಾದರೂ ಅದನ್ನೇ ಮಾಡುತ್ತಿದ್ದರು ಎಂದ ಅವನು. ತತ್ತ್ವಶಾಸ್ತ್ರದ ಮೇಷ್ಟ್ರ ಬಾಯಲ್ಲಿ ಆ ಮಾತು ಕೇಳಿ ನನಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು. ನಾನು ಕುಂತಿಯ ಮಾತು ತೆಗೆದೆ. ಅವಳೂ ಅಳು ಕೇಳಿದವಳೇ, ಸರದಿಯಲ್ಲಿ ಕೈಹಾಕಿದವಳೇ. ಆದರೆ ಪರರ ಅಳು ಕೇಳಿ ತನ್ನ ಮಗನನ್ನು ಸರದಿಯ ಒಳಗೆ ಇಟ್ಟಳು. ನಾನು ನನ್ನವರ ಅಳು ಕೇಳಿ ಅವರನ್ನು ಹೊರಗೆ ತೆಗೆದು ಪರರನ್ನು ಒಳಗಿಟ್ಟೆ. "ಭೀಮ ಗೆದ್ದು ಬರುತ್ತಾನೆಂದು ಕುಂತಿಗೆ ಗೊತ್ತಿತ್ತು, ಅಷ್ಟೊಂದು ಬೆಲೆ ಕಟ್ಟಬೇಡ" ಎಂದ ತಮ್ಮ. ಅದೂ ಸರಿ. ಆದರೆ ಆ ಇನ್ನೊಂದು ಊರಿನಲ್ಲಿ ಒಂದು ನರ್ಸಿಂಗ್ ಹೋಮು, ಡೀಸೆಲ್ ಇಲ್ಲದ ಒಂದು ಜನರೇಟರು, ಉಬ್ಬಸದ ಒಬ್ಬ ಮೇಷ್ಟ್ರು ಇರಲಿಲ್ಲವೆಂದು ಯಾರು ಹೇಳಿದರು?

ಕಿವಿ ಇರುವುದರಿಂದಲೇ ಹೀಗಾಗುತ್ತದೆ, ಆದ್ದರಿಂದ ಕಿವಿ ಇಲ್ಲದ ಯಂತ್ರಕ್ಕೆ ಬಿಡಿ ಎನ್ನುವವರಿದ್ದಾರೆ. ಈಗ ಬಹಳಷ್ಟು ಹಾಗೆಯೇ ನಡೆಯುತ್ತದೆ. ಫ್ರೀಕ್ವೆನ್ಸಿ ಇಂತಿಷ್ಟಕ್ಕೆ ಇಳಿದರೆ ರಿಲೇ ಎಂಬ ಪೆಟ್ಟಿಗೆ ಯಾರನ್ನೂ ಕೇಳದೆ ಫೀಡರನ್ನು ತೆಗೆಯುತ್ತದೆ. 2019ರ ಆಗಸ್ಟ್ 9ರ ಸಂಜೆ ಇಂಗ್ಲೆಂಡಿನಲ್ಲಿ ಸಿಡಿಲು ಬಡಿದು, ಅದರ ಬೆನ್ನಲ್ಲೇ ಸಮುದ್ರದ ಗಾಳಿಯಂತ್ರಗಳ ಒಂದು ಕೇಂದ್ರವೂ ಅನಿಲದ ಒಂದು ಕೇಂದ್ರವೂ ಕೈಕೊಟ್ಟಾಗ ಫ್ರೀಕ್ವೆನ್ಸಿ 48.8ಕ್ಕೆ ಬಿತ್ತು. ರಿಲೇಗಳು ಸುಮಾರು ಹತ್ತು ಲಕ್ಷ ಗ್ರಾಹಕರನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೆಗೆದು ಉಳಿದ ದೇಶವನ್ನು ಕಾಪಾಡಿದವು. ಮುಕ್ಕಾಲು ಗಂಟೆಯಲ್ಲಿ ಎಲ್ಲರಿಗೂ ಕರೆಂಟು ಬಂತು. ಲೆಕ್ಕದ ಪ್ರಕಾರ ಅದು ಒಳ್ಳೆಯ ಕೆಲಸ. ನ್ಯೂಕ್ಯಾಸಲ್ಲಿನ ವಿಮಾನ ನಿಲ್ದಾಣವೂ ತೆಗೆದವುಗಳಲ್ಲಿತ್ತು. ಲಂಡನ್ನಿನ ಸುತ್ತ ಕೆಲವು ರೈಲುಗಳು ಫ್ರೀಕ್ವೆನ್ಸಿ ಇಳಿದದ್ದಕ್ಕೇ ಬೆದರಿ ನಿಂತವು, ಮೆಕ್ಯಾನಿಕ್ಕು ಬಂದು ಹೊರಡಿಸುವವರೆಗೆ ಜನ ಒಳಗೇ ಕುಳಿತರು. ಪೆಟ್ಟಿಗೆಗೆ ನನ್ನ ತಂದೆಯೂ ಒಂದೇ, ಇನ್ನೊಬ್ಬರ ತಂದೆಯೂ ಒಂದೇ. ಅದರಲ್ಲಿ ನನಗೆ ಗೌರವವಿದೆ. ಆದರೆ ಪೆಟ್ಟಿಗೆಯನ್ನು ಯಾವ ಫೀಡರಿಗೆ ಕಟ್ಟಬೇಕೆಂದು ಹೇಳಿದವನು ಮನುಷ್ಯನೇ. ಅವನು ಅದನ್ನು ಹಗಲು ಹೊತ್ತಿನಲ್ಲಿ, ಕುರ್ಚಿಯಲ್ಲಿ ಕುಳಿತು, ಯಾರ ದನಿಯೂ ಕೇಳದ ಹಾಗೆ ತೀರ್ಮಾನಿಸಿರುತ್ತಾನೆ. ನನ್ನ ಸುಳ್ಳಿಗೆ ಒಂದು ಗಂಟೆಯ ಆಯುಷ್ಯವಿತ್ತು. ಅವನ ಪಕ್ಷಪಾತ, ಇದ್ದರೆ, ಪೆಟ್ಟಿಗೆ ತುಕ್ಕು ಹಿಡಿಯುವವರೆಗೆ ಇರುತ್ತದೆ.

ಬೆಲೆ ಕಟ್ಟಿಬಿಡಿ ಎಂದವರೂ ಉಂಟು, ಅದೂ ಆಯಿತು. ದಕ್ಷಿಣದಲ್ಲಿ 2003ರ ಜನವರಿ 1ರಿಂದ ಹೊಸ ಪದ್ಧತಿ ಬಂತು. ನಿಗದಿಗಿಂತ ಹೆಚ್ಚು ಎಳೆದುಕೊಳ್ಳುವ ರಾಜ್ಯ ದಂಡ ತೆರಬೇಕು, ಫ್ರೀಕ್ವೆನ್ಸಿ ಇಳಿದಷ್ಟೂ ದರ ಏರುತ್ತದೆ. ಅಲ್ಲಿಯವರೆಗೆ ಪಕ್ಕದ ರಾಜ್ಯದವರಿಗೆ ನಾವು, ನಮಗೆ ಅವರು, ಫೋನಿನಲ್ಲಿ ದೇಶಭಕ್ತಿಯ ಉಪದೇಶ ಮಾಡಿ ಸೋತಿದ್ದೆವು. ರೂಪಾಯಿ ಬಂದ ಮೇಲೆ ಕೆಲವೇ ದಿನಗಳಲ್ಲಿ ಮೀಟರು ಮರ್ಯಾದೆ ಕಲಿಯಿತು. ನನಗೆ ಸಂತೋಷವಾಯಿತು, ಸ್ವಲ್ಪ ಕಸಿವಿಸಿಯೂ ಆಯಿತು. ಹಿಂದೆ ಹೆಚ್ಚು ಎಳೆಯುವವನು ಕನಿಷ್ಠ ತಪ್ಪು ಮಾಡಿದವನ ದನಿಯಲ್ಲಿ ಮಾತಾಡುತ್ತಿದ್ದ. ಈಗ ಗಿರಾಕಿಯ ದನಿಯಲ್ಲಿ ಮಾತಾಡತೊಡಗಿದ. ದುಡ್ಡು ಕೊಡುತ್ತೇನಲ್ಲ!

ದುಡ್ಡಿಗೂ ಮೀರಿದ ಹೊತ್ತು ಬರುತ್ತದೆ ಎಂಬುದು 2012ರ ಜುಲೈಯಲ್ಲಿ ಕಂಡಿತು. ಮಳೆ ತಡವಾಗಿತ್ತು, ಉತ್ತರದಲ್ಲಿ ಹೊಲಗಳು ಒಣಗುತ್ತಿದ್ದವು, ಹಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆಯುತ್ತಿದ್ದವು. ಕಡಿಮೆ ಮಾಡಿ ಎಂದು ಮೇಲಿನ ಕೇಂದ್ರದವರು ಹೇಳುತ್ತಲೇ ಇದ್ದರು. 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಬೀನಾದಿಂದ ಗ್ವಾಲಿಯರಿಗೆ ಹೋಗುವ 400 ಕಿಲೋವೋಲ್ಟ್ ಮಾರ್ಗ ಕಳಚಿತು. ತಂತಿಯಲ್ಲಿ ದೋಷವೇನೂ ಇರಲಿಲ್ಲ. ವಿಪರೀತ ಭಾರವನ್ನೇ ರಿಲೇ ದೋಷವೆಂದು ತಿಳಿಯಿತು. ಉತ್ತರದ ಜಾಲ ಬಿತ್ತು. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಉತ್ತರ, ಪೂರ್ವ, ಈಶಾನ್ಯ ಮೂರೂ ಒಟ್ಟಿಗೆ ಬಿದ್ದು ಸುಮಾರು 60 ಕೋಟಿ ಜನ ಇದ್ದ ಪ್ರದೇಶ ಕತ್ತಲಾಯಿತು. ಇಂಥ ಹೊತ್ತಿಗೆಂದೇ ಇಟ್ಟ ಪೆಟ್ಟಿಗೆಗಳಿಂದ ಸಾಕಷ್ಟು ಭಾರ ಇಳಿಯಲಿಲ್ಲ ಎಂದು ತನಿಖೆಯವರು ಬರೆದರು. ನಾನು ಆ ಹೊತ್ತಿಗೆ ನಿವೃತ್ತ. ಪತ್ರಿಕೆಗಳು ರಾಜ್ಯಗಳ ದುರಾಸೆ ಎಂದು ಬರೆದವು. ನನಗೆ ಹಾಗೆ ಅನ್ನಿಸಲಿಲ್ಲ. ಆ ಕಂಟ್ರೋಲ್ ರೂಮುಗಳಲ್ಲಿ ಕುಳಿತವರಿಗೂ ಫೋನಿನಲ್ಲಿ ಒಬ್ಬ ಆಪರೇಟರು ಹೇಳಿರುತ್ತಾನೆ, "ಸಾರ್, ಪೈರು ಒಣಗುತ್ತಿದೆ, ಜನ ಗೇಟಿನ ಹತ್ತಿರ ನಿಂತಿದ್ದಾರೆ." ತಮ್ಮವರ ಅಳು ಅವರಿಗೆ ಚೆನ್ನಾಗಿ ಕೇಳಿಸಿದೆ. ಪಕ್ಕದ ರಾಜ್ಯದ ಅಳು ಆ ತಂತಿಯಲ್ಲಿ ಬರುವುದಿಲ್ಲ. ನಾನು ಒಂದು ಸಂಜೆ ಮಾಡಿದ್ದನ್ನು ಅವರು ಹಲವು ಜನ ಸೇರಿ ಒಟ್ಟಿಗೆ ಮಾಡಿದರು, ಅಷ್ಟೇ.

ದಕ್ಷಿಣ ಆ ದಿನ ಬೀಳಲಿಲ್ಲ, ಏಕೆಂದರೆ ನಮ್ಮ ಫ್ರೀಕ್ವೆನ್ಸಿ ಆಗ ಬೇರೆ ಇತ್ತು. ಮರುವರ್ಷ, 2013ರ ಡಿಸೆಂಬರ್ 31ರಂದು, ರಾಯಚೂರು ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದಿಂದ ನಮ್ಮನ್ನೂ ಉಳಿದ ದೇಶಕ್ಕೆ ಕಟ್ಟಿದರು. ಈಗ ಕಾಶ್ಮೀರದ ಫ್ಯಾನು ಹೆಜ್ಜೆ ತಪ್ಪಿದರೆ ಕನ್ಯಾಕುಮಾರಿಯ ಫ್ಯಾನಿಗೂ ಗೊತ್ತಾಗುತ್ತದೆ. ನನಗೆ ಅದು ಒಪ್ಪಿಗೆಯೇ. ಕೊರತೆಯೂ ಮೊದಲಿನಂತಿಲ್ಲ, 2024ರ ಮೇ 30ರಂದು ದೇಶದ ಬೇಡಿಕೆ 2,50,000 ಮೆಗಾವ್ಯಾಟ್ ಮುಟ್ಟಿದಾಗಲೂ ಜಾಲ ನಿಂತಿತು. ನನ್ನ ಪ್ರಶ್ನೆ ಹಳೆಯದಾಯಿತೆಂದು ಹೊಸ ಹುಡುಗರು ನಗಬಹುದು. ನಗಲಿ. ಆದರೂ ಅವರ ಮೇಜಿನ ಗಾಜಿನ ಕೆಳಗೆ, ಅಥವಾ ಕಂಪ್ಯೂಟರಿನ ಹೊಟ್ಟೆಯೊಳಗೆ, ಆ ಎರಡು ಹಾಳೆಗಳು ಇದ್ದೇ ಇವೆ.

ನಾಲ್ಕು ವರ್ಷದ ಹಿಂದೆ ಒಂದು ಮದುವೆಗೆ ಹೋಗುವಾಗ ಬಸ್ಸು ಆ ಇನ್ನೊಂದು ಊರಿನಲ್ಲಿ ಅರ್ಧ ಗಂಟೆ ನಿಂತಿತು. ಅಷ್ಟು ವರ್ಷ ಅದರ ಹೆಸರನ್ನು ಲಾಗ್ ಹಾಳೆಯಲ್ಲಿ ಬರೆದಿದ್ದೆ, ಕಣ್ಣಲ್ಲಿ ಕಂಡಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಒಂದು ಹೋಟೆಲು. ಗಲ್ಲದ ಮೇಲೆ ನನ್ನ ವಯಸ್ಸಿನವರೇ ಒಬ್ಬರು ಕುಳಿತಿದ್ದರು. ಕಾಫಿ ಕುಡಿದು ದುಡ್ಡು ಕೊಡುವಾಗ ಮಾತಿಗೆ ಮಾತು ಬಂದು, ಹಿಂದೆಲ್ಲ ಇಲ್ಲಿ ಕರೆಂಟು ಬಹಳ ಹೋಗುತ್ತಿತ್ತಲ್ಲವೇ ಎಂದೆ. ಹೌದು ಎಂದರು. 96ರಲ್ಲಿ, ಏಪ್ರಿಲ್‌ನಲ್ಲಿ, ಒಂದು ಸಂಜೆ ಎರಡು ಸಲ ಹೋಗಿತ್ತು, ನಿಮಗೆ ನೆನಪಿದೆಯೇ ಎಂದು ಕೇಳಿಯೇಬಿಟ್ಟೆ. ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಯಾವತ್ತಿಂದು ಕೇಳ್ತೀರಿ ಸ್ವಾಮಿ, ಆಗ ದಿನಾ ಹೋಗ್ತಿತ್ತಲ್ಲ" ಎಂದು ಚಿಲ್ಲರೆ ಕೊಟ್ಟರು. ಕಂಡಕ್ಟರು ಸೀಟಿ ಊದಿದ.